ಪುರುಸೊತ್ತು ಇದ್ದವರು ಹೊರಡಲಿ

ಯೆಲ್ಲೋನೈಫ್
ಅಕ್ಟೋಬರ್ ಕೊನೆಯ ವಾರ, 2025

ಪ್ರೀತಿಯ ಪುಟ್ಟೀ,

ಮೊನ್ನೆ ನೀನು ಹೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಮಾತು ಶುರು ಮಾಡಲು ಅಮ್ಮ ಬಿಡುವುದಿಲ್ಲ, ಮುಗಿಸಲು ನೀನು ಬಿಡುವುದಿಲ್ಲ. ಅದಕ್ಕೇ ಈ ಕಾಗದ. ಪಾರ್ಸೆಲ್ಲಿನಲ್ಲಿ ಹಲಸಿನ ಹಪ್ಪಳದ ಕಟ್ಟಿನ ಮೇಲೆ ಇಟ್ಟಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಗೆ ಅಮ್ಮ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ್ದಾಳೆ, ಆದರೂ ಕಾಗದಕ್ಕೆ ಎಣ್ಣೆ ಮುಟ್ಟಿದ್ದರೆ ಸಿಟ್ಟು ಮಾಡಿಕೊಳ್ಳಬೇಡ.

ನೀನು ಹೇಳಿದ್ದು ಇಷ್ಟು: “ಕಣ್ಣಿನ ಆಪರೇಷನ್ನಿಗೆ ನಾನು ಬಂದೇ ಬರ್ತೀನಪ್ಪ. ಎರಡೂವರೆ ಗಂಟೆ ಫ್ಲೈಟು ಅಷ್ಟೇ. ಗುರುವಾರ ಬಂದು ಭಾನುವಾರ ಹೋಗ್ತೀನಿ.” ಆ ಮಾತು ಕೇಳಿ ಖುಷಿಯಾಯಿತು. ಫೋನ್ ಇಟ್ಟ ಮೇಲೆ ಹಳೆಯ ಚಟ ಬಿಡಲಿಲ್ಲ, ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕಕ್ಕೆ ಕೂತೆ. ಕೆಜಿಎಫ್‌ನಲ್ಲೂ ಇಲ್ಲಿಯ ವಜ್ರದ ಗಣಿಯಲ್ಲೂ ಸರ್ವೇಯರ್ ಆಗಿದ್ದವನು ನಾನು. ಯಾರಾದರೂ “ಅಷ್ಟೇ ದೂರ” ಅಂದರೆ ಅಳೆದು ನೋಡದೆ ನಿದ್ದೆ ಬರುವುದಿಲ್ಲ.

ಯೆಲ್ಲೋನೈಫಿನ ವಿಮಾನ ನಿಲ್ದಾಣದಿಂದ ಇನೂವಿಕ್ ನಿಲ್ದಾಣಕ್ಕೆ ಭೂಮಿಯ ಗುಂಡನೆಯ ಮೈ ಮೇಲೆ ಅಳೆದರೆ ಸುಮಾರು 1,090 ಕಿ.ಮೀ. ನಾನಿರುವುದು 62 ಡಿಗ್ರಿ ಉತ್ತರದಲ್ಲಿ, ನೀನಿರುವುದು 68ರಲ್ಲಿ. ಪೂರ್ವ-ಪಶ್ಚಿಮವಾಗಿ ನಮ್ಮ ನಡುವೆ 19 ಡಿಗ್ರಿ ರೇಖಾಂಶವಿದೆ. ನಮ್ಮ ಸಾಗರ ಊರಿನ ಕಡೆ 19 ಡಿಗ್ರಿ ಅಂದರೆ ಎರಡು ಸಾವಿರ ಕಿ.ಮೀ. ದಾಟುತ್ತದೆ. ಇಲ್ಲಿ ರೇಖೆಗಳೆಲ್ಲ ಧ್ರುವದ ಕಡೆಗೆ ಒತ್ತಿಕೊಂಡು ಬರುವುದರಿಂದ ಅದೇ 19 ಡಿಗ್ರಿ ಒಂಬೈನೂರು ಕಿ.ಮೀ.ಗಿಂತಲೂ ಕಡಿಮೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆ ನೋಡಿ ಅಮ್ಮ ಪ್ರತಿ ಸಲ ಹೆದರುತ್ತಾಳೆ. ಉತ್ತರಕ್ಕೆ ಹೋದಂತೆ ಆ ನಕ್ಷೆ ಎಲ್ಲವನ್ನೂ ಹಿಗ್ಗಿಸುತ್ತದೆ, ನಿನ್ನನ್ನು ಇರುವುದಕ್ಕಿಂತ ದೂರ ಇಟ್ಟಿದೆ ಅಂತ ಅವಳಿಗೆ ಹೇಳಿ ಹೇಳಿ ಸಾಕಾಗಿದೆ.

ನೇರ ಗೆರೆ ಎಳೆದರೆ ಅದು ಗ್ರೇಟ್ ಬೇರ್ ಸರೋವರದ ಪಶ್ಚಿಮದ ತುದಿಯ ಮೇಲೆ ಹಾದುಹೋಗುತ್ತದೆ. ವಿಮಾನ ಮಾತ್ರ ಸಾಮಾನ್ಯವಾಗಿ ಇನ್ನೂ ಪಶ್ಚಿಮಕ್ಕೆ ವಾಲಿ, ಮೆಕೆಂಜಿ ನದಿಯ ದಂಡೆಯ ನಾರ್ಮನ್ ವೆಲ್ಸ್‌ನಲ್ಲಿ ಒಂದಿಷ್ಟು ಜನರನ್ನು ಇಳಿಸಿ, ಒಂದಿಷ್ಟು ಜನರನ್ನು ಹತ್ತಿಸಿಕೊಂಡು ಮುಂದಕ್ಕೆ ಹೊರಡುತ್ತದೆ. ಗಂಟೆಗೆ ಐನೂರು ಕಿ.ಮೀ. ಓಡುವ ಪ್ರೊಪೆಲರ್ ವಿಮಾನಕ್ಕೆ ಗಾಳಿಯಲ್ಲಿ ಎರಡು ಗಂಟೆ ಚಿಲ್ಲರೆ ಸಾಕು. ನಡುವೆ ಇಳಿದು ಹತ್ತುವ ಹೊತ್ತನ್ನು ಸೇರಿಸಿಕೋ. ಅಂದರೆ ಹಾರುವ ಹೊತ್ತಿನ ಮಟ್ಟಿಗೆ ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಹಾರದೆ ಕೂತಿರುವ ಹೊತ್ತನ್ನು ನೀನು ಹಿಡಿದಿಲ್ಲ, ಅಷ್ಟೇ.

ಆ ಹೊತ್ತು ಯಾಕೆ ಇಷ್ಟು ದೊಡ್ಡದು ಅಂತ ಅರ್ಥವಾಗಬೇಕಾದರೆ ರಸ್ತೆಯ ಕಡೆ ನೋಡು. ನಾವಿಬ್ಬರೂ ಒಂದೇ ಪ್ರಾಂತ್ಯದವರು. ಇದೇ ಪ್ರಾಂತ್ಯದ ರಾಜಧಾನಿಯಿಂದ ನಿನ್ನ ಊರಿಗೆ ನೇರ ರಸ್ತೆ ಇಲ್ಲ. ಮೆಕೆಂಜಿ ಹೆದ್ದಾರಿ ರಿಗ್ಲಿ ಎಂಬ ಸಣ್ಣ ಊರಿನಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನಾರ್ಮನ್ ವೆಲ್ಸ್‌ಗೆ ಚಳಿಗಾಲದಲ್ಲಿ ನೆಲವೂ ನೀರೂ ಹೆಪ್ಪುಗಟ್ಟಿದಾಗ ಮಾತ್ರ ದಾರಿ. ನಾನು ಕಾರು ತೆಗೆದುಕೊಂಡು ನಿನ್ನ ಮನೆಗೆ ಬರಬೇಕೆಂದರೆ ಮೊದಲು ದಕ್ಷಿಣಕ್ಕೆ ಇಳಿದು, ಬ್ರಿಟಿಷ್ ಕೊಲಂಬಿಯಾಕ್ಕೆ ಹೋಗಿ, ಅಲ್ಲಿಂದ ಯೂಕಾನ್ ದಾಟಿ, ಡೆಂಪ್‌ಸ್ಟರ್ ಹೆದ್ದಾರಿ ಹಿಡಿದು, ಬಿಟ್ಟು ಬಂದ ಪ್ರಾಂತ್ಯಕ್ಕೇ ಮತ್ತೆ ಕಾಲಿಡಬೇಕು. ಮೂರು ಸಾವಿರ ಕಿ.ಮೀ.ಗೂ ಮೇಲಾಯಿತು. ಕೊನೆಯ ಏಳುನೂರು ಚಿಲ್ಲರೆ ಕಿ.ಮೀ. ಜಲ್ಲಿರಸ್ತೆ. ಅದರಲ್ಲೂ ಪೀಲ್ ನದಿಗೆ, ಮೆಕೆಂಜಿ ನದಿಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಫೆರ್ರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ರಸ್ತೆ. ಈಗ ಈ ಕಾಗದ ಬರೆಯುವ ಹೊತ್ತು ಇದೆಯಲ್ಲ, ಇದು ಎರಡಕ್ಕೂ ಸಲ್ಲದ ಕಾಲ. ನೀರಿನಲ್ಲಿ ಐಸು ತೇಲಲು ಶುರುವಾದರೆ ಫೆರ್ರಿ ನಿಲ್ಲುತ್ತದೆ, ಲಾರಿ ತಡೆಯುವಷ್ಟು ಐಸು ದಪ್ಪವಾಗಲು ವಾರಗಟ್ಟಲೆ ಬೇಕು. ಅಷ್ಟು ದಿನ ನಿನ್ನ ಊರಿಗೆ ಹಾಲು, ಮೊಟ್ಟೆ, ಔಷಧಿ, ಮನುಷ್ಯರು, ಎಲ್ಲವೂ ಆಕಾಶದಿಂದಲೇ ಇಳಿಯಬೇಕು. ಈಗಲೇ ಅಕ್ಕಿ, ಬೇಳೆ, ಹಾಲಿನ ಪುಡಿ ತುಂಬಿಟ್ಟುಕೋ. ಮೇ ತಿಂಗಳ ಕೊನೆಯಲ್ಲಿ ಐಸು ಒಡೆಯುವಾಗಲೂ ಇದೇ ಕತೆ.

ಇದನ್ನೆಲ್ಲ ಬರೆಯುವಾಗ ನಮ್ಮೂರು ತುಮರಿ ನೆನಪಾಗದೆ ಇರುತ್ತದೆಯೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದಾಗ ನಾನು ಮಗು. ಆಮೇಲೆ ನಾವು ಹೊಳೆಯಾಚೆಯವರಾದೆವು. ಅಂಬಾರಗೋಡ್ಲಿನ ದಡ ನಮ್ಮ ಕಣ್ಣಿಗೆ ಕಾಣುತ್ತಿತ್ತು, ನಡುವೆ ಎರಡು ಕಿ.ಮೀ. ನೀರು. ಸಾಗರಕ್ಕೆ ಹೋದವರು ಕೋರ್ಟು, ಆಸ್ಪತ್ರೆ, ಅಡಿಕೆ ಮಂಡಿ ಯಾವುದೇ ಕೆಲಸವಿರಲಿ, ಕೊನೆಯ ಲಾಂಚಿನ ಹೊತ್ತು ನೋಡಿಕೊಂಡೇ ಮಾತಾಡುತ್ತಿದ್ದರು. ಲಾಂಚ್ ತಪ್ಪಿದರೆ ಒಂದೋ ಆ ದಡದಲ್ಲೇ ರಾತ್ರಿ, ಇಲ್ಲವೇ ಕಾಡಿನ ರಸ್ತೆಯಲ್ಲಿ ಊರೆಲ್ಲ ಸುತ್ತು. ನಿನ್ನ ಅತ್ತೆ ಹುಟ್ಟುವಾಗ ಅಜ್ಜಿ ತಿಂಗಳು ಮೊದಲೇ ಹೊಳೆ ದಾಟಿ ಸಾಗರದಲ್ಲಿ ತಂಗಿಯ ಮನೆಗೆ ಹೋಗಿ ಕೂತಿದ್ದರು. ನಾನು, ದೊಡ್ಡಪ್ಪ ಇಬ್ಬರೂ ಊರಲ್ಲಿ. ಅಜ್ಜಿ ಇಲ್ಲದ ಆ ತಿಂಗಳು ಅಜ್ಜ ಮಾಡಿ ಹಾಕಿದ ಗಂಜಿಯ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ, ಒಳ್ಳೆಯ ಅರ್ಥದಲ್ಲಿ ಅಲ್ಲ.

ಈ ವರ್ಷ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು, ನೀನೂ ವಿಡಿಯೋ ನೋಡಿದ್ದೀಯ. ದೊಡ್ಡಪ್ಪ ಫೋನ್ ಮಾಡಿ, “ಈಗ ಕಾರಲ್ಲಿ ಕೂತರೆ ಎಲೆ ಅಡಿಕೆ ಹಾಕಿ ಜಗಿಯೋದರೊಳಗೆ ಆಚೆ ದಡ ಬರ್ತದೆ ಮಾರಾಯ” ಅಂದರು. ಖುಷಿಯಿಂದಲೇ ಹೇಳಿದರು. ಆದರೆ ಈಗಲೂ ಸಾಗರಕ್ಕೆ ಹೊರಟರೆ ಟಾರ್ಚು, ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಳ್ಳುತ್ತಾರಂತೆ. ಅತ್ತಿಗೆ ನಗುತ್ತಾರೆ. ನನಗೆ ನಗು ಬರಲಿಲ್ಲ. ಅರವತ್ತು ವರ್ಷ ನೀರು ಕಲಿಸಿದ ಪಾಠ ಒಂದು ಸೇತುವೆಯಿಂದ ಮರೆತುಹೋಗುವುದಿಲ್ಲ.

ನೀನು ಚಿಕ್ಕವಳಿದ್ದಾಗ ನಾನು ಲಾಕ್ ಡೆ ಗ್ರಾ ಕಡೆಯ ಗಣಿಗೆ ಎರಡು ವಾರ ಹೋಗಿ, ಎರಡು ವಾರ ಮನೆಯಲ್ಲಿ ಇರುತ್ತಿದ್ದೆನಲ್ಲ. ಇಲ್ಲಿಂದ ಈಶಾನ್ಯಕ್ಕೆ ಮುನ್ನೂರು ಕಿ.ಮೀ., ಗಂಟೆಯೊಳಗಿನ ಹಾರಾಟ. ಪಾಳಿ ಬದಲಾಗುವ ದಿನ ಹಿಮಗಾಳಿ ಎದ್ದರೆ ನೆಲ, ಆಕಾಶ ಎರಡೂ ಒಂದೇ ಬಿಳಿ. ಅಲ್ಲಿ ನಾವು ಚೀಲ ಕಟ್ಟಿಕೊಂಡು ಕಾರಿಡಾರಿನಲ್ಲಿ ಸಾಲಾಗಿ ಕೂತಿರುತ್ತಿದ್ದೆವು, ನಮ್ಮ ಜಾಗಕ್ಕೆ ಬರಬೇಕಾದವರು ಯೆಲ್ಲೋನೈಫಿನಲ್ಲಿ ಚೀಲ ಕಟ್ಟಿಕೊಂಡು ಕೂತಿರುತ್ತಿದ್ದರು. ಅಮ್ಮ ಆಗ ಒಂದು ನಿಯಮ ಮಾಡಿಕೊಂಡಳು. “ಇವತ್ತು ಬರ್ತೀನಿ” ಅಂತ ನಾನು ಎಷ್ಟು ಹೇಳಿದರೂ ಅಕ್ಕಿ ತೊಳೆಯುತ್ತಿರಲಿಲ್ಲ. ವಿಮಾನ ಅಲ್ಲಿಂದ ಎದ್ದಿತು ಅಂತ ಫೋನ್ ಬಂದ ಮೇಲೆಯೇ ಕುಕ್ಕರ್ ಇಡುತ್ತಿದ್ದಳು. ಅನ್ನ, ಸಾರು, ಒಂದು ಪಲ್ಯ ಆಗುವಷ್ಟರಲ್ಲಿ ನಾನು ಬಾಗಿಲಲ್ಲಿ. ನೀನು ಮಾತ್ರ ಬೆಳಿಗ್ಗೆಯಿಂದ ಕಿಟಕಿ ಹತ್ತಿರ ಕೂತು ಕೋಪ ಮಾಡಿಕೊಳ್ಳುತ್ತಿದ್ದೆ. ಆ ಕೋಪದಲ್ಲಿ ತಪ್ಪಿರಲಿಲ್ಲ. ಆದರೆ ಅಮ್ಮನ ಹಾಗೆ ಇರುವುದನ್ನು ಕಲಿತರೆ ನಿನಗೆ ಇನೂವಿಕ್ ಹಗುರವಾಗುತ್ತದೆ.

ಈಗ ಒಂದು ವಿಷಯ ಹೇಳಬೇಕು. ಹೋದ ವಾರ ಕಣ್ಣಿನ ಅಳತೆ ತೆಗೆಸಲು ಆಸ್ಪತ್ರೆಗೆ ಹೋಗಿದ್ದೆ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಬ್ಯಾಂಕ್ಸ್ ದ್ವೀಪದ ಸ್ಯಾಕ್ಸ್ ಹಾರ್ಬರಿನವರು. ನೂರು ಜನರ ಆಸುಪಾಸಿನ ಊರು ಅದು. ಕಾಲಲ್ಲಿ ಮಣಿ ಹೊಲಿದ ಚರ್ಮದ ಬೂಟು, ಮಡಿಲಲ್ಲಿ ಕೈಚೀಲ, ಚೀಲದ ಹಿಡಿಗೆ ಹಳೆಯ ಲಗೇಜು ಚೀಟಿಗಳು ಒಂದರ ಮೇಲೊಂದು ಹಾಗೇ ಅಂಟಿಕೊಂಡಿದ್ದವು. ಮೊದಲು ಸಮುದ್ರ ದಾಟಿ ಐನೂರು ಕಿ.ಮೀ. ಹಾರಿ ನಿನ್ನ ಇನೂವಿಕ್‌ಗೆ, ಅಲ್ಲಿ ಮೋಡ ತೆರೆಯುವ ತನಕ ಕಾಯುವುದು, ಆಮೇಲೆ ಇಲ್ಲಿಗೆ. ನರ್ಸ್ ಬಂದು ಅವರಿಗೆ ಹನಿ ಔಷಧಿಯ ವಿಷಯ ವಿವರಿಸಿದಳು. ದಿನಕ್ಕೆ ನಾಲ್ಕು ಸಲ, ಇಷ್ಟು ವಾರ, ಮತ್ತೆ ಬಂದು ತೋರಿಸಬೇಕು. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು. ನರ್ಸ್ ಹೊರಟವಳು ಬಾಗಿಲವರೆಗೆ ಹೋಗಿ ವಾಪಸ್ ಬಂದಳು. “ನಿಮ್ಮ ವಿಮಾನ ಯಾವಾಗ? ಇನೂವಿಕ್‌ನಲ್ಲಿ ನಿಲ್ಲಬೇಕಾಗಿ ಬಂದರೆ ಯಾರ ಮನೆ? ಹನಿ ಯಾರು ಹಾಕುತ್ತಾರೆ?” ಎಂದು ಕೇಳಿದಳು. ಅಜ್ಜಿ ತಲೆಯಾಡಿಸುವುದನ್ನು ನಿಲ್ಲಿಸಿ ಮಾತಾಡಲು ಶುರು ಮಾಡಿದರು. ಮೊಮ್ಮಗ ಬೇಟೆಗೆ ಹೋದರೆ ಮನೆಯಲ್ಲಿ ಬೇರೆ ಯಾರೂ ಇಲ್ಲ, ಇನೂವಿಕ್‌ನಲ್ಲಿ ತಂಗಿಯ ಮಗಳಿದ್ದಾಳೆ, ಅವಳ ಮನೆಯಲ್ಲಿ ಜಾಗ ಇದೆಯೋ ಇಲ್ಲವೋ. ನರ್ಸ್ ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೂ ಬರೆದುಕೊಂಡಳು. ವಾಪಸಿನ ದಿನವನ್ನು ಹೇಗೆ ಹೊಂದಿಸಬಹುದು ಅಂತ ಫೋನ್ ಮಾಡಿದಳು.

ಕಣ್ಣಿನ ಪೊರೆ ನನಗೂ ಇದೆ, ಆ ಅಜ್ಜಿಗೂ ಇದೆ. ನಾನು ಮನೆಗೆ ಹೋಗಲು ಕಾರಿನಲ್ಲಿ ಹತ್ತು ನಿಮಿಷ, ಅವರಿಗೆ ಎರಡು ವಿಮಾನ ಮತ್ತು ಎಷ್ಟು ದಿನವೆಂದು ಹೇಳಲಾಗದ ಕಾಯುವಿಕೆ. ಹಾಗಾದರೆ ಇಬ್ಬರದೂ ಒಂದೇ ಕಾಯಿಲೆಯೇ? ಅಲ್ಲ. ಪುಟ್ಟೀ, ನಾನು ನರ್ಸಿಂಗ್ ಓದಿದವನಲ್ಲ, ಆದರೂ ಅಪ್ಪನ ಒಂದು ಮಾತು ಕೇಳು. ನಿನ್ನ ವಾರ್ಡಿಗೆ ಬರುವವರ ಚಾರ್ಟಿನಲ್ಲಿ ಜ್ವರ, ಬಿಪಿ ಬರೆಯುವಾಗ ದೂರವನ್ನೂ ಬರೆದುಕೋ. ಎಲ್ಲಿಂದ ಬಂದರು, ಹೇಗೆ ಬಂದರು, ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದಾರೆ, ವಾಪಸು ಯಾವಾಗ. ಪೌಲಾಟಕ್‌ನಿಂದಲೋ ಸ್ಯಾಕ್ಸ್ ಹಾರ್ಬರಿನಿಂದಲೋ ಬಸುರಿಯರು ದಿನ ತುಂಬುವ ಎಷ್ಟೋ ವಾರ ಮೊದಲೇ ಬಂದು ನಿನ್ನ ಊರಿನಲ್ಲಿ ಕೂತಿರುತ್ತಾರೆ. ಅವರಲ್ಲಿ ಯಾರಾದರೂ ಸುಮ್ಮನೆ ಕಿರಿಕಿರಿ ಮಾಡಿದರೆ, ಊಟ ಬೇಡವೆಂದರೆ, ಊರಲ್ಲಿ ಗಂಜಿ ಕುಡಿಯುತ್ತಿರುವ ಮಕ್ಕಳನ್ನು ನೆನಪು ಮಾಡಿಕೋ. ಅವರ ಮಕ್ಕಳ ಹೆಸರು ಕೇಳು. ಅರ್ಧ ಕಿರಿಕಿರಿ ಅಲ್ಲಿಗೇ ಇಳಿಯುತ್ತದೆ.

ಇನ್ನು ನಿನ್ನ ವಿಷಯ. ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಅಲ್ಲಿ ಸೂರ್ಯ ಮೇಲೇಳುವುದಿಲ್ಲ. ಇಲ್ಲಿ ಯೆಲ್ಲೋನೈಫಿನಲ್ಲಿ ಎಷ್ಟೇ ಚಿಕ್ಕ ಹಗಲಾದರೂ ಐದು ಗಂಟೆ ಬೆಳಕು ಕಂಡು ಬೆಳೆದವಳು ನೀನು, ಇದು ಹೊಸದು. ಒಂದು ಸರ್ವೇಯರನ ಗುಟ್ಟು ಹೇಳಿಕೊಡುತ್ತೇನೆ. ನಮ್ಮಿಬ್ಬರ ಗಡಿಯಾರ ಒಂದೇ, ಆದರೆ ನೀನು ನನಗಿಂತ 19 ಡಿಗ್ರಿ ಪಶ್ಚಿಮಕ್ಕಿದ್ದೀಯ, ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಇಲ್ಲಿ ಸೂರ್ಯನ ಮಧ್ಯಾಹ್ನವಾದ 76 ನಿಮಿಷದ ಮೇಲೆ ನಿನ್ನಲ್ಲಿ ಮಧ್ಯಾಹ್ನ. ಚಳಿಗಾಲದಲ್ಲಿ ಅದು ಗಡಿಯಾರದ ಎರಡು ಗಂಟೆಯ ಹತ್ತಿರ ಬೀಳುತ್ತದೆ. ಸೂರ್ಯ ಕಾಣದಿದ್ದರೂ ಆ ಹೊತ್ತಿಗೆ ದಕ್ಷಿಣದಲ್ಲಿ ನಸುಬೆಳಕು ಚೆನ್ನಾಗಿಯೇ ಹರಡಿರುತ್ತದೆ, ದಿಗಂತದಿಂದ ಒಂದೆರಡು ಡಿಗ್ರಿ ಕೆಳಗೆ ಇದ್ದಾನೆ ಅಷ್ಟೇ. ಹನ್ನೆರಡಕ್ಕೆ ಊಟಕ್ಕೆ ಬಿಟ್ಟಾಗ ಹೊರಗೆ ಹೋಗಿ ಕತ್ತಲು ಅಂತ ಬೇಜಾರು ಮಾಡಿಕೊಳ್ಳಬೇಡ. ಬಿಡುವು ಸಿಕ್ಕಿದ ದಿನ ಒಂದೂವರೆಗೆ ಹೊರಟು ಎರಡೂವರೆಯವರೆಗೆ ನಡೆದು ಬಾ. ರಾತ್ರಿ ಪಾಳಿ ಇದ್ದರೂ ಆ ಹೊತ್ತಿಗೊಮ್ಮೆ ಎದ್ದು ನೋಡು.

ಮನೆಯೊಳಗೇ ಇರಬೇಡ. ಐಸ್ ಹಾಕಿ ಅಂಕಣದ ಹಳೆಯ ಕಟ್ಟಡದಲ್ಲಿ ಊರವರು ಮಾಡಿದ ಹಸಿರುಮನೆ ಇದೆಯಲ್ಲ, ಬೇಸಿಗೆಗೆ ಅಲ್ಲಿ ಒಂದು ಮಡಿ ಸಿಗುತ್ತದಾ ಕೇಳು. ಮೆಂತ್ಯ, ಕೊತ್ತಂಬರಿ ಬೀಜ ಇದೇ ಪಾರ್ಸೆಲ್ಲಿನಲ್ಲಿದೆ. ಇಪ್ಪತ್ತನಾಲ್ಕು ಗಂಟೆ ಬಿಸಿಲಿಗೆ ಮೆಂತ್ಯ ಏನು ಮಾಡುತ್ತದೆ ಅಂತ ಅಮ್ಮನಿಗೆ ಭಾರಿ ಕುತೂಹಲ. ಆ ಊರಿನ ಮಸೀದಿಯನ್ನೂ ಒಮ್ಮೆ ಹೋಗಿ ನೋಡು. 2010ರಲ್ಲಿ ವಿನಿಪೆಗ್‌ನಲ್ಲಿ ಕಟ್ಟಿ, ಟ್ರೈಲರ್ ಮೇಲೆ ಹೇರಿ, ಮತ್ತೆ ನದಿಯ ಬಾರ್ಜ್ ಮೇಲೆ ಇಟ್ಟು, ಸುಮಾರು ನಾಲ್ಕು ಸಾವಿರ ಕಿ.ಮೀ. ತಂದ ಕಟ್ಟಡ ಅದು. ಕಾಯುವುದು ಗೊತ್ತಿದ್ದವರು ಏನನ್ನು ಬೇಕಾದರೂ ಆ ಊರಿಗೆ ತಲುಪಿಸುತ್ತಾರೆ.

ಇಷ್ಟೆಲ್ಲ ಯಾಕೆ ಬರೆದೆ ಅಂತ ನಿನಗೆ ಗೊತ್ತಾಗಿರಬೇಕು. ಆಪರೇಷನ್ನಿಗೆ ನೀನು ಬರಬೇಡ. ಬೇಸರ ಮಾಡಿಕೊಳ್ಳಬೇಡ, ಕಾರಣ ಕೇಳು. ನಿನಗಿರುವುದು ನಾಲ್ಕು ದಿನದ ರಜೆ. ಗುರುವಾರದ ವಿಮಾನ ಶುಕ್ರವಾರಕ್ಕೆ ಹೋದರೆ, ಭಾನುವಾರದ್ದು ಮಂಗಳವಾರಕ್ಕೆ ಹೋದರೆ, ನಿನ್ನ ಪಾಳಿಯನ್ನು ಆಗಲೇ ದಣಿದ ಇನ್ನೊಬ್ಬಳು ಮಾಡಬೇಕು. ನೀನು ಇಲ್ಲಿ ನನ್ನ ಪಕ್ಕ ಕೂತಿದ್ದರೂ ನಿನ್ನ ಕಣ್ಣು ಫೋನಿನ ಮೇಲೇ ಇರುತ್ತದೆ. ನನಗೆ ಅಂಥ ಮಗಳು ಬೇಡ, ಮನಸ್ಸು ಪೂರ್ತಿ ಇರುವ ಮಗಳು ಬೇಕು. ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ ಕಳಿಸುತ್ತಾರೆ. ಹನಿ ಹಾಕಲು ಅಮ್ಮ ಈಗಾಗಲೇ ಗಡಿಯಾರಕ್ಕೆ ನಾಲ್ಕು ಅಲಾರಂ ಇಟ್ಟುಕೊಂಡಿದ್ದಾಳೆ, ನನ್ನ ಕಷ್ಟ ನನಗೆ.

ಈ ಉತ್ತರದ ನಾಡಿನಲ್ಲಿ ಇಷ್ಟು ವರ್ಷ ಇದ್ದು ನನಗೆ ತಿಳಿದಿದ್ದು ಒಂದೇ ನೀತಿ. ಯಾರಿಗೆ ಕಾಯಲು ಪುರುಸೊತ್ತು ಇದೆಯೋ ಅವರು ಹೊರಡಬೇಕು. ಯಾರಿಗೆ ಇಲ್ಲವೋ ಅವರು ಇದ್ದಲ್ಲೇ ಇರಬೇಕು. ಮಕ್ಕಳೇ ಬಂದು ಹಿರಿಯರನ್ನು ನೋಡಬೇಕು ಅನ್ನುವ ಪದ್ಧತಿ ನಮ್ಮ ಕಡೆಯದು, ಒಳ್ಳೆಯದೇ. ಆದರೆ ಅದು ದಿನಕ್ಕೆ ಹತ್ತು ಬಸ್ಸು ಓಡುವ ಊರುಗಳಿಗೆ ಸರಿ. ಇಲ್ಲಿ ನಿನ್ನ ಹತ್ತಿರ ದಿನಗಳಿಲ್ಲ, ರಿಟೈರಾದ ನನ್ನ ಹತ್ತಿರ ದಿನಗಳು ಬಿಟ್ಟು ಬೇರೇನೂ ಇಲ್ಲ. ಅದಕ್ಕೇ ನಾವೇ ಬರುತ್ತೇವೆ. ಕಣ್ಣು ನೆಟ್ಟಗಾದ ಮೇಲೆ, ಜನವರಿಯಲ್ಲಿ, ಸೂರ್ಯ ವಾಪಸು ಬರುವಾಗ ಅಲ್ಲಿ ಹಬ್ಬ ಮಾಡುತ್ತಾರಲ್ಲ, ಆ ಹೊತ್ತಿಗೆ. ಒಂದೆರಡು ದಿನ ಹಿಂದೆ ಮುಂದೆ ಆದೀತು. ನಾರ್ಮನ್ ವೆಲ್ಸ್‌ನಲ್ಲಿ ಸಿಕ್ಕಿಹಾಕಿಕೊಂಡರೂ ಅಮ್ಮನ ಚೀಲದಲ್ಲಿ ಅವಲಕ್ಕಿ ಇರುತ್ತದೆ.

ನೀನು ಮಾಡಬೇಕಾದದ್ದು ಸ್ವಲ್ಪ. ಒಂದು ಹೆಚ್ಚಿನ ಹಾಸಿಗೆ ಹೊಂದಿಸು. ನಿನ್ನ ಪಾಳಿಯ ಪಟ್ಟಿ ಕಳಿಸು, ಆದರೆ ನಮಗೋಸ್ಕರ ಯಾವ ಪಾಳಿಯನ್ನೂ ಬದಲಿಸಬೇಡ. ನೀನು ಕೆಲಸಕ್ಕೆ ಹೋದಾಗ ನಾವು ಊರು ನೋಡುತ್ತೇವೆ, ಅಮ್ಮ ನಿನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನ್ನ ಲೆಕ್ಕಕ್ಕೆ ಜೋಡಿಸುತ್ತಾಳೆ, ಅದಕ್ಕೆ ಮಾತ್ರ ಈಗಲೇ ಮನಸ್ಸು ಗಟ್ಟಿ ಮಾಡಿಕೋ. ವಿಮಾನ ನಾರ್ಮನ್ ವೆಲ್ಸ್‌ನಿಂದ ಎದ್ದ ಮೇಲೆ ಅಲ್ಲಿಂದಲೇ ಯಾರಾದರೂ ತಿಳಿಸುವಂತೆ ಮಾಡುತ್ತೇನೆ, ಅಕ್ಕಿ ಆಮೇಲೆ ತೊಳೆ. ವಾಪಸು ಯಾವತ್ತು ಅಂತ ಮಾತ್ರ ಕೇಳಬೇಡ, ಟಿಕೆಟ್ ಅಲ್ಲಿಗೆ ಬಂದ ಮೇಲೆಯೇ ತೆಗೆಸುವುದು.

ಇಂತಿ ನಿನ್ನ ಪ್ರೀತಿಯ,
ಅಪ್ಪ